ಗೀರುಗಳ ಪಟ್ಟಿ

ಮನೆ ಕಟ್ಟಿ ನೋಡು ಅಂದರು, ಮದುವೆ ಮಾಡಿ ನೋಡು ಅಂದರು,
ಎರಡನೇ ಮಹಡಿಯಿಂದ ಬೀರು ಇಳಿಸಿ ನೋಡು
ಅಂತ ಯಾರೂ ಅಂದಿರಲಿಲ್ಲ.

ಫುಟ್‌ಸ್ಕ್ರೇಯ ಬಾಡಿಗೆ ಗೂಡಿನಿಂದ
ಬ್ಯಾಲರಾಟ್ ಅಂಚಿನ ಸೆಬಾಸ್ಟೊಪೋಲ್‌ಗೆ
ನೂರಾಹತ್ತು ಕಿಲೋಮೀಟರು.
ನಾನೂ ತಂಗಿ ನೀಲಾಂಬಿಕೆಯೂ
ಮೂವತ್ತು ವರ್ಷದ ಸಾಲಕ್ಕೆ ಜೋಡಿ ಸಹಿ ಹಾಕಿ
ಕೊಂಡ ಹಲಗೆಗೋಡೆಯ ಮನೆ, ಕೆಂಪು ಬಾಗಿಲು.
ಸಹಿಗೆ ಹೆದರಲಿಲ್ಲ ನಾವು.
ಹೆದರಿದ್ದು ಲಾರಿಗೆ.

ಲಾಂಡ್ರಿಯಲ್ಲಿ ನನ್ನ ಪಕ್ಕ ನಿಂತು
ಆಸ್ಪತ್ರೆಯ ಚಾದರ ಮಡಚುವ ಲೂರ್ದೆಸ್ ಹೇಳಿದ್ದಳು:
ಸಾಮಾನು ತುಂಬಿಕೊಂಡು ಹೋದವರು
ನಡುದಾರಿಯಲ್ಲಿ ನಿಲ್ಲಿಸಿ ಫೋನು ಮಾಡಿ
ಇನ್ನೂ ಒಂಬೈನೂರು ಕೊಟ್ಟರೆ ಬಾಗಿಲು ತೆಗೀತೀವಿ ಅಂದರಂತೆ.
ತೊಟ್ಟಿಲು ಲಾರಿಯೊಳಗೆ,
ಮಗು ಅವಳ ಹೆಗಲ ಮೇಲೆ.

ಮೊದಲನೆಯವನು ಫೋನಿನಲ್ಲೇ ದರ ಹೇಳಿದ.
ಮೆಟ್ಟಿಲೆಷ್ಟು ಕೇಳಲಿಲ್ಲ, ಲಿಫ್ಟಿದೆಯಾ ಕೇಳಲಿಲ್ಲ.
'ಚೀಲಾ ಬಿಚ್ಚದ ಜೋಳಕ್ಕ ರೇಟ್ ಹೇಳ್ತಾನಲ್ಲ,
ಇಂವಾ ವ್ಯಾಪಾರಸ್ಥ ಅಲ್ಲಕ್ಕ, ಗಾಳ ಹಾಕಾಂವ'
ಅಂದಳು ನೀಲಾ.

ಎರಡನೆಯವನದು ಬಾಯಿತುಂಬ ಬೆಲ್ಲ.
ನಿಮ್ಮ ಮನೆ ಅಂದರೆ ನಮ್ಮ ಮನೆ, ಮೇಡಂ,
ಪೂರ್ತಿ ದುಡ್ಡು ಇವತ್ತೇ ಹಾಕಿಬಿಡಿ.
ವಿಳಾಸ ಕೇಳಿದೆ. ಕೊಟ್ಟ.
ಭಾನುವಾರ ಬಸ್ಸು ಹಿಡಿದು ಹೋಗಿ ನೋಡಿದರೆ
ಕಾರು ತೊಳೆಯುವ ಅಂಗಡಿ.
ನೊರೆ ಮೆತ್ತಿದ ಹುಡುಗನೊಬ್ಬ ಭುಜ ಹಾರಿಸಿದ.

ನೆವಿಲ್ ಬಂದ, ಜೊತೆಗೆ ತಂಗಿಯ ಮಗಳು ಟೆಗನ್.
ನಗಲೂ ಇಲ್ಲ ಮನುಷ್ಯ.
ಎಣಿಸುತ್ತಲೇ ಮೆಟ್ಟಿಲು ಹತ್ತಿದ, ಮೂವತ್ನಾಲ್ಕು.
ನಾಲ್ಕು ವರ್ಷ ಹತ್ತಿಳಿದ ನಾವು ಎಣಿಸಿರಲಿಲ್ಲ.
ತಿರುವಿಗೆ ಟೇಪು ಹಿಡಿದ, ಬೀರುವಿಗೆ ಹಿಡಿದ,
ತಲೆ ಕೆರೆದು, 'ಇದರ ಬಾಗಿಲು ಕಳಚಬೇಕು' ಅಂದ.
ಅಡುಗೆಮನೆಯಲ್ಲಿ ಕೊಣಮಿಗೆ ಕಂಡು
'ಮಗುವಿನ ದೋಣಿಯಾ?' ಅಂತ ಟೆಗನ್.
ರೊಟ್ಟಿಯ ಹಿಟ್ಟು ನಾದುವುದು ಇದರಲ್ಲಿ,
ವಾರಕ್ಕೆ ಮುನ್ನೂರು ರೊಟ್ಟಿ ಮಾರಿದ್ದೇ ಮನೆಯ ಮುಂಗಡ
ಎಂದಳು ನೀಲಾ. ಆಮೇಲೆ ಸ್ವಲ್ಪ ತಡೆದು,
'ದೋಣಿ ಅಂದರೂ ಸುಳ್ಳಲ್ಲ.'

ವಿಮೆ ಇದೆಯಾ ಅಂದೆ,
ಬಾಯಿಪಾಠ ಒಪ್ಪಿಸುವವಳ ಹಾಗೆ.
ಅವನು ಕಾಗದ ಬಿಡಿಸಿ, ಉಗುರಿನಿಂದ ಸಾಲು ಹಿಡಿದು ತೋರಿಸಿದ್ದು
ಏನು ಸಿಗುತ್ತದೆ ಅಂತಲ್ಲ,
ಏನು ಸಿಗುವುದಿಲ್ಲ ಅಂತ.
'ಬಂಗಾರ, ಪಾಸ್‌ಪೋರ್ಟು, ಗೋಡೆಯ ಮೇಲಿನ ಆ ತಾಯಿಯ ಫೋಟೋ
ನಿಮ್ಮ ಮಡಿಲಲ್ಲೇ ಬರಲಿ.
ಅಷ್ಟೊಂದು ನನ್ನನ್ನು ನಂಬಬೇಡಿ.'
ಅಲ್ಲಿಗೆ ನಂಬಿದೆ.
ಇನ್ನೂರು ಡಾಲರ್ ಜಾಸ್ತಿ. ಇರಲಿ.

ಜೂನ್ ತಿಂಗಳ ನಸುಕು, ಉಸಿರೆಲ್ಲ ಹೊಗೆ.
ಹೊರುವ ಮೊದಲು ಒಂದೊಂದರದೂ ಫೋಟೋ ತೆಗೆದು
ಗೀರು ಬರೆದುಕೊಂಡರು.
ಊಟದ ಮೇಜು, ಎಡಗಾಲು, ಉದ್ದ ಗೀರು, ಹಳೆಯದು.
ಅದು ಸನ್‌ಶೈನ್‌ನ ಮನೆ, ಮಾಲೀಕ ಗಡುವು ಕೊಟ್ಟ ವಾರ.
ಬೀರು, ಬಲಮೂಲೆ, ತಗ್ಗು, ಹಳೆಯದು.
ಅದು ಬ್ರೇಬ್ರೂಕ್, ನಾವಿಬ್ಬರೇ ಹೊತ್ತು
ಬೀದಿಯಲ್ಲಿ ಜಗಳಾಡಿದ್ದು.
ಹಳೆಯದು, ಹಳೆಯದು ಅಂತ ಬರೆಯುತ್ತಲೇ ಹೋದಳು ಟೆಗನ್.
ಐದು ಬಾಡಿಗೆ ಮನೆ, ಒಂದೂವರೆ ಪುಟ.
ಕೆಳಗೆ ಸಹಿ ಮಾಡಿ ಅಂದಾಗ
ಸಾಲದ ಪತ್ರಕ್ಕೆ ನಡುಗದ ಕೈ ಯಾಕೋ ಏಳಲಿಲ್ಲ.
ನೀಲಾ ಮಾಡಿದಳು.

ಅಲ್ಲಿ, ಬೀರು ಒಳಹೋಗುವಾಗ
ಕೆಂಪು ಬಾಗಿಲಿನ ಚೌಕಟ್ಟಿಗೆ ಕರ್ ಅಂತ ತಾಗಿತಂತೆ.
ನಾನು ಹಿತ್ತಲಿನಲ್ಲಿದ್ದೆ, ಕೇಳಿಸಿರಲಿಲ್ಲ.
ನೆವಿಲ್ ಹುಡುಕಿಕೊಂಡು ಬಂದು, ಟೋಪಿ ತೆಗೆದು ಹೇಳಿದ.
ಪಟ್ಟಿಯ ಕೊನೆಗೆ ತಾನೇ ಬರೆದ:
ಚೌಕಟ್ಟು, ಮೂರು ಇಂಚು, ಹೊಸದು, ನಮ್ಮಿಂದ.
ಬಿಲ್ಲಿನಲ್ಲಿ ನಲವತ್ತು ಕಡಿಮೆ ಮಾಡಿದ.
ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.
ಸಾಲಗಾರ್ತಿಗೆ ನಲವತ್ತು ನಲವತ್ತೇ.

ಬಣ್ಣದ ಡಬ್ಬಿ ತಂದಿಟ್ಟು ವರುಷ ತುಂಬಿತು,
ತೆರೆದಿಲ್ಲ.
ಪಾಳಿ ಮುಗಿಸಿ ಬಂದು ಕತ್ತಲಲ್ಲಿ ಕೀಲಿ ತಡಕುವಾಗ
ಹೆಬ್ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ,
ಆ ಮೂರು ಇಂಚಿಗೆ.
ಒಳಗೆ ಹಿಟ್ಟಿನ ಕೈಯಲ್ಲೇ ನೀಲಾ ಕೂಗುತ್ತಾಳೆ:
'ಬಾಗ್ಲಾ ಹಾಕಕ್ಕ, ಥಂಡಿ ಬರ್ತದ!'